ದೇಶಪಾಂಡೆ ಅಂಕಲ್ ತಿದ್ದದೆ ಬಿಟ್ಟ ತಪ್ಪು

ದೇಶಪಾಂಡೆ ಅಂಕಲ್ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಗೋಡೆಯ ಗಡಿಯಾರ ನೋಡುತ್ತಿದ್ದರು. ಆಮೇಲೆ ತಮ್ಮ ಕೈಗಡಿಯಾರ ನೋಡಿಕೊಂಡು, "ನಿಮ್ಮದು ಮೂರು ನಿಮಿಷ ಮುಂದ ಅದ" ಎನ್ನುತ್ತಿದ್ದರು. ನಮಸ್ಕಾರ, ಹೇಗಿದ್ದೀರಿ ಎಲ್ಲ ಆಮೇಲೆ. ಸ್ಯಾನ್ ಡಿಯಾಗೊದ ಯೂನಿವರ್ಸಿಟಿ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಮೊದಲ ಸಲ ಬಂದಾಗ ಗಡಿಯಾರದ ಜೊತೆಗೆ ದೇವರ ಪಟ ಎಡಕ್ಕೆ ವಾಲಿರುವುದನ್ನೂ, ಫ್ರಿಜ್ ಮಟ್ಟಸವಾಗಿ ನಿಂತಿಲ್ಲದ್ದನ್ನೂ ತಿಳಿಸಿದರು. ನನ್ನ ಗಂಡ ಕಾಫಿ ಮಾಡಿ ಕೊಟ್ಟ. ಒಂದು ಗುಟುಕು ಕುಡಿದು, "ರುಚಿ ಛಲೋ ಅದ. ಆದ್ರ ಇದಕ್ಕ ಫಿಲ್ಟರ್ ಕಾಫಿ ಅನ್ನಬ್ಯಾಡ್ರಿ" ಎಂದರು. ಅವತ್ತಿನಿಂದ ನನ್ನ ಗಂಡ ಅವರು ಬರುತ್ತಾರೆಂದರೆ ಟೀ ಮಾಡುತ್ತಿದ್ದ.

ಅವರ ಉದ್ಯೋಗವೂ ಅದೇ. ಲಾಸ್ ಏಂಜಲೀಸ್ ಹತ್ತಿರದ ರೆಡೊಂಡೊ ಬೀಚಿನ ಒಂದು ಕಂಪನಿಯಲ್ಲಿ ವಿಮಾನದ ಬಿಡಿಭಾಗಗಳನ್ನು ದೀಪದ ಕೆಳಗೆ ಹಿಡಿದು ನೋಡುವುದು, ಕೂದಲೆಳೆಯಷ್ಟು ಗೀರು ಕಂಡರೂ ತಿರಸ್ಕರಿಸುವುದು. ಈ ಕೆಲಸ ಮಾಡಿ ಮಾಡಿ ಹಾಗಾದರೋ, ಹಾಗಿದ್ದುದಕ್ಕೇ ಈ ಕೆಲಸ ಸಿಕ್ಕಿತೋ, ಆ ದೇವರಿಗೇ ಗೊತ್ತು. ಗದಗಿನ ಕಡೆಯವರು, ಆಗಲೇ ಅರವತ್ತರ ಹತ್ತಿರ. ಹಣೆಗೆ ಅಂಗಾರ-ಅಕ್ಷತೆ, ಮೈಗೆ ಕಪ್ಪು ಟೀ ಶರ್ಟು. ಟೀ ಶರ್ಟಿನ ಎದೆಯ ಮೇಲೆ ಎರಡು ಸುತ್ತಿಗೆ, ಹಿಂದೆ ಬೆಂಕಿ. ಜರ್ಮನಿಯ ಒಂದು ಹೆವಿ ಮೆಟಲ್ ಬ್ಯಾಂಡಿನ ಗುರುತು ಅದು. ಬ್ಯಾಂಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಅಭಿಮಾನಿಗಳು ನನ್ನನ್ನು ತಿದ್ದಲು ಬರುತ್ತಾರೆ. ಒಬ್ಬರ ಕೈಯಲ್ಲಿ ತಿದ್ದಿಸಿಕೊಂಡದ್ದು ನನಗೆ ಈ ಜನ್ಮಕ್ಕೆ ಸಾಕು.

ನಮ್ಮ ಪರಿಚಯವಾದದ್ದು ಲಾಕ್‌ಡೌನಿನಲ್ಲಿ. ಸ್ಯಾನ್ ಡಿಯಾಗೊದ ಕೆಲವರು, ಲಾಸ್ ಏಂಜಲೀಸ್ ಕಡೆಯ ಕೆಲವರು, ಕನ್ನಡ ಮಾತಾಡಲು ಭಾನುವಾರ ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಸೇರುತ್ತಿದ್ದೆವು. ವಾರಕ್ಕೊಬ್ಬರು ತಮಗೆ ಗೊತ್ತಿರುವ ಯಾವುದಾದರೂ ವಿಷಯದ ಬಗ್ಗೆ ಹತ್ತು ನಿಮಿಷ ಹೇಳಬೇಕು. ಒಬ್ಬರು ಬಾಲ್ಕನಿಯಲ್ಲಿ ಬಸಳೆ ಬೆಳೆಸುವುದನ್ನು ಹೇಳಿದರು, ಇನ್ನೊಬ್ಬರು ಮೊಣಕಾಲು ನೋವಿನ ಬಗ್ಗೆ. ಮೂರನೆಯ ವಾರ ದೇಶಪಾಂಡೆಯವರ ಸರದಿ. ಪರದೆಯ ಮೇಲೆ ಒಂದು ಶೀರ್ಷಿಕೆ ಬಂತು: 'ನಮ್ಮ ಬ್ಯಾಂಡಿನ ಬಗ್ಗೆ ಮಂದಿಗೆ ಇರುವ ತಪ್ಪು ತಿಳಿವಳಿಕೆಗಳು.' ಹತ್ತು ನಿಮಿಷದ ಭಾಷಣ ಐವತ್ತು ನಿಮಿಷ ನಡೆಯಿತು. ಬಸಳೆಯವರು ಕ್ಯಾಮೆರಾ ಆಫ್ ಮಾಡಿ ಎದ್ದುಹೋದರು.

ನಾನು ಮಾತ್ರ ಕೂತು ಕೇಳಿದೆ. ಬಾಣಂತಿ, ಮೂರು ತಿಂಗಳ ಮಗು ತೊಡೆಯ ಮೇಲೆ, ಏಳುವ ಹಾಗಿರಲಿಲ್ಲ.

"ಮೊದಲನೇದು, ಇವರು ನಾಜಿಗಳು ಅಂತಾರ. ಯಾಕ? ಜರ್ಮನ್ ಭಾಷಾದಾಗ ಒದರ್ತಾರ, ಅದಕ್ಕ! ಅಲ್ರೀ, ನಮ್ಮ ಗದಗಿನ ಬಸ್ ಸ್ಟ್ಯಾಂಡಿನಾಗ ಕಂಡಕ್ಟರ್ ಇದಕ್ಕಿಂತ ಜೋರು ಒದರ್ತಾನ, ಅವನೂ ನಾಜಿ ಏನು? ಇವರ ಎರಡನೇ ರೆಕಾರ್ಡ್ ಪೂರ್ತಿ ನಾಜಿಗಳನ್ನ ಬೈದ ಹಾಡು. ಎರಡನೇದು, ಸುತ್ತಿಗಿ ಅಂದ್ರ ಹೊಡೆದಾಟ ಅಂತಾರ. ಅದು ಹೊಡೆಯೋ ಸುತ್ತಿಗಿ ಅಲ್ಲ, ಕಲ್ಲಿದ್ದಲ ಗಣಿಯವರ ಸುತ್ತಿಗಿ. ಮೂರನೇದು, ಹಾಡೋ ಮನಿಷ್ಯಾ ಎಂದೋ ಸತ್ತಾನ, ಈಗ ಇರಾಂವ ಡೂಪ್ಲಿಕೇಟ್ ಅಂತಾರ. ಸತ್ತಿಲ್ಲ. ಹಲ್ಲು ಕಟ್ಟಿಸ್ಯಾನ, ಅದಕ್ಕ ದನಿ ಬ್ಯಾರೆ ಆಗೇದ. ನಾಲ್ಕನೇದು, ದೆವ್ವದ ಪೂಜಾ ಮಾಡ್ತಾರ ಅಂತಾರ. ಡ್ರಮ್ ಬಾರಿಸಾಂವ ಹದಿನೈದು ವರ್ಷ ಚರ್ಚಿನಾಗ ಗಂಟಿ ಹೊಡದಾನ. ಪೂಜಾ ಅಂತ ಮಾಡಿದ್ರ ಅದೊಂದ ಮಾಡ್ಯಾನ."

ಅವರಿಗೆ ಇದೆಲ್ಲ ಹೇಗೆ ಗೊತ್ತೆಂದರೆ, ಮೂವತ್ತು ವರ್ಷದ ಹಿಂದೆ ಅವರು ಆ ಬ್ಯಾಂಡಿನ ಊರಿನಲ್ಲೇ ಇದ್ದರು. ಅದೊಂದು ಗಣಿಯ ಊರು. ಆಗಿನ ಕಂಪನಿಯವರು ತರಬೇತಿಗೆಂದು ಜರ್ಮನಿಗೆ ಕಳಿಸಿದಾಗ ಅಲ್ಲೊಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಮನೆಯ ಯಜಮಾನಿ ವಿಧವೆ. ಅವಳ ಮಗನೇ ಬ್ಯಾಂಡಿನ ಗಿಟಾರ್ ಬಾರಿಸುವವನು. ಕೆಳಗಿನ ಶೆಡ್ಡಿನಲ್ಲಿ ಅವರ ಅಭ್ಯಾಸ. ಮೇಲೆ ಇವರು ಆಲೂಗಡ್ಡೆ ಬೇಯಿಸಿಕೊಂಡು, ಊರ ನೆನಪಿನಲ್ಲಿ ಒಬ್ಬರೇ ಕೂತಿರುತ್ತಿದ್ದರಂತೆ. "ಇಡೀ ಊರಾಗ ನನ್ನ ಜೋಡಿ ಮಾತಾಡಿದವರು ಆ ನಾಲ್ಕು ಹುಡುಗರು. ಅವರ ಬಗ್ಗೆ ಮಂದಿ ಸುಳ್ಳು ಹೇಳಿದ್ರ ನಾ ಸುಮ್ನ ಇರ್ಲಾ?" ಎಂದು ಒಮ್ಮೆ ಕೇಳಿದ್ದರು. ಮರುವರ್ಷ ಮದುವೆಯಾಗಿ ಸುಧಾ ಆಂಟಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದರು. ಮಗಳು ಅನಘಾ ಹುಟ್ಟಿದ್ದು ಅಲ್ಲಿಯೇ, ಅಮೆರಿಕಕ್ಕೆ ಬಂದದ್ದು ಆಮೇಲೆ.

ಭಾಷಣ ಪೂರ್ತಿ ಕೇಳಿದ ತಪ್ಪಿಗೆ ನನಗೆ ಕೆಲಸ ಬಿತ್ತು. ಆ ತಪ್ಪು ತಿಳಿವಳಿಕೆಗಳನ್ನೆಲ್ಲ ಹಾಕಲು ಒಂದು ವೆಬ್‌ಸೈಟ್ ಮಾಡಿಕೊಡು ಎಂದರು. ಮಾಡಿಕೊಟ್ಟೆ. ಪ್ರತಿ ಶನಿವಾರ ಫೋನು. ಅವರ ನಿಯಮ ಕಟ್ಟುನಿಟ್ಟು: ಯಾವ ತಪ್ಪನ್ನು ತಿದ್ದಬೇಕಾದರೂ ಎರಡು ಪುರಾವೆ ಬೇಕು. "ಒಂದು ಪುರಾವೆ ಇದ್ರ ಅದು ಗಾಳಿಮಾತು. ಎರಡಿದ್ರ ಮಾತು" ಎನ್ನುವರು. ಪಟ್ಟಿ ಬೆಳೆದು ನಲವತ್ತಾಯಿತು. ಬ್ರೆಜಿಲ್‌ನಿಂದ, ಪೋಲೆಂಡಿನಿಂದ ಜನ ಬರೆಯತೊಡಗಿದರು. ಸರಿ ಉತ್ತರ ಬೇಕೆಂದರೆ ಕ್ಯಾಲಿಫೋರ್ನಿಯಾದ ಯಾರೋ ದೇಶಪಾಂಡೆಯನ್ನು ಕೇಳಬೇಕು ಎಂಬ ಹೆಸರು ಬಂತು. ಅವರಿಗೆ ಅದರ ಹೆಮ್ಮೆ ಇತ್ತು. ಇಲ್ಲ ಎಂದು ಹೇಳುತ್ತಿದ್ದರು, ಆದರೆ ಇತ್ತು.

ಸುಧಾ ಆಂಟಿಗೆ ಈ ತಿದ್ದುವ ಚಾಳಿಯಿಂದ ಸಾಕುಸಾಕಾಗಿತ್ತು. ಜನ ಮತ್ತೆ ಮನೆಗೆ ಬರುವ ಕಾಲ ಬಂದಾಗ ಅವರ ಮನೆಗೆ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಊಟದ ನಡುವೆ ಅತಿಥಿಯೊಬ್ಬರು ಟೀ ಶರ್ಟ್ ನೋಡಿ, "ಸರ್, ಇದು ಆ ನಾಜಿ ಬ್ಯಾಂಡ್ ಅಲ್ವಾ?" ಎಂದುಬಿಟ್ಟರು. ಅಂಕಲ್ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಲ್ಯಾಪ್‌ಟಾಪ್ ತಂದರು. ಇಪ್ಪತ್ತು ನಿಮಿಷ ಪುರಾವೆ ತೋರಿಸಿದರು. ಸಾರು ಆರಿಹೋಯಿತು, ಅತಿಥಿಯ ಮುಖ ಇಷ್ಟಾಯಿತು.

"ಸರಿ ಹೇಳ್ಲಿಕ್ಕೂ ಒಂದು ಹೊತ್ತು ಅಂತ ಇರ್ತದ ರೀ. ಉಣ್ರಿ ಮೊದಲ," ಎಂದರು ಸುಧಾ ಆಂಟಿ.

"ತಪ್ಪು ಹೇಳ್ಲಿಕ್ಕೆ ಅವರು ಹೊತ್ತು ನೋಡಿದ್ರೇನು?" ಎಂದರು ಅಂಕಲ್.

ಆಂಟಿ ಸಣ್ಣ ದನಿಯ, ಶಕುನ ನೋಡುವ ಹೆಂಗಸು. ಅವರ ಮನೆಯಿಂದ ಹೊರಡುವಾಗ ಯಾರೂ "ಹೋಗ್ತೀನಿ" ಅನ್ನುವ ಹಾಗಿಲ್ಲ. "ಹೋಗಿ ಬರ್ತೀನಿ" ಅನ್ನಲೇಬೇಕು. ಗಂಡ ಆಫೀಸಿಗೆ ಹೊರಟು ಕಾರು ಸ್ಟಾರ್ಟ್ ಮಾಡಿದ್ದರೂ ಓಡಿ ಹೋಗಿ ಕಿಟಕಿ ಬಡಿದು ಅನ್ನಿಸಿಕೊಂಡು ಬರುವರು. ಅಮೆರಿಕದಲ್ಲೇ ಬೆಳೆದ ಅನಘಾ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಆದರೆ ಆ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿ ಹೊರಡುತ್ತಿದ್ದಳು.

ಅದೇ ದಿನ ಊಟವಾದ ಮೇಲೆ ನನ್ನ ಮಗಳು ರಚ್ಚೆ ಹಿಡಿದಳು. ಆಂಟಿ ಅವಳನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. "ಮಲಗವ್ವ ಮಲಗ ನನ ಬಂಗಾರ" ಎಂದು ಏನೋ ಹಾಡತೊಡಗಿದರು. ಮಾತು ಅವರದೇ, ಆದರೆ ರಾಗ ಎಲ್ಲೋ ಕೇಳಿದ ಹಾಗಿತ್ತು. ಬಾಗಿಲಲ್ಲಿ ನಿಂತು ಕೇಳಿದೆ. ವೆಬ್‌ಸೈಟ್ ಮಾಡುವಾಗ ನೂರು ಸಲ ಕೇಳಿದ್ದ ರಾಗ. ಬ್ಯಾಂಡಿನ ಹಾಡುಗಳಲ್ಲಿ ಅದೊಂದೇ ನಿಧಾನದ್ದು.

"ಅಂಕಲ್ ಬ್ಯಾಂಡಿಂದಲ್ವಾ ಆಂಟಿ ಇದು?"

"ಹೂಂ. ಜರ್ಮನಿ ಜೋಗುಳ. ಅನಘಾಗ ಹಾಡ್ತಿದ್ದೆ. ಇದೊಂದಕ್ಕ ಮಲಗ್ತಿದ್ಲು."

ಮಗು ನಿದ್ದೆ ಹೋಗಿತ್ತು. ಹಿಂದಕ್ಕೆ ತಿರುಗಿದರೆ ಅಂಕಲ್ ನಿಂತಿದ್ದರು, ಕನ್ನಡಕ ತೆಗೆದು ಒರೆಸುತ್ತಾ. ಬಾಯಿ ಬಿಡಲಿಲ್ಲ. ಎದುರಿಗೇ ಒಂದು ತಪ್ಪು ನಡೆದಿದೆ, ದೇಶಪಾಂಡೆಯವರು ಬಾಯಿ ಬಿಡಲಿಲ್ಲ!

ಆ ಹಾಡು ಜೋಗುಳವಲ್ಲ. ಅದರ ಮಾತುಗಳ ಅರ್ಥ ನನಗೆ ಹೇಳಿದವರೇ ಅವರು. ಗಣಿಗೆ ಇಳಿದ ಗಂಡ ಮೇಲೆ ಬರಲೇ ಇಲ್ಲ, ಹೆಂಡತಿ ಬಾಗಿಲಲ್ಲಿ ಕಾಯುತ್ತಾ ಹಾಡುತ್ತಾಳೆ. ಇಂಟರ್‌ನೆಟ್ಟಿನಲ್ಲಿ ಅರ್ಧ ಜಗತ್ತು ಅದನ್ನು ಜೋಗುಳ ಎಂದೇ ನಂಬಿದೆ. ಹಾಗಿದ್ದೂ ನಲವತ್ತು ತಪ್ಪುಗಳ ಪಟ್ಟಿಯಲ್ಲಿ ಅದೊಂದು ಇರಲಿಲ್ಲ. ಯಾಕೆಂದು ನನಗೆ ಅವತ್ತು ಗೊತ್ತಾಯಿತು. ಗ್ಯಾರೇಜಿನಲ್ಲಿ ಅವರನ್ನು ಹಿಡಿದು ಕೇಳಿಯೇಬಿಟ್ಟೆ.

"ಅನಘಾ ಆಗ ಇಪ್ಪತ್ತು ದಿವಸದ ಕೂಸು," ಎಂದರು. "ಮೂರು ತಾಸು ಅತ್ತಿತ್ತು. ನಾ ಡ್ಯೂಟಿ ಮುಗಿಸಿ ಬರೋದ್ರಾಗ ಇಕಿ ಇದನ್ನ ಹಾಡಿ ಮಲಗಿಸ್ಯಾಳ. ಹಾಡಿನ ಅರ್ಥ ಹಿಂಗದ ಅಂತ ಹೇಳ್ಲಿಕ್ಕೆ ಬಾಯಿ ತೆಗದೆ. ಇಕಿ ಮುಖ ನೋಡಿದೆ. ನಾಳೆ ಹೇಳಿದ್ರಾತು ಅಂದೆ. ಆ ನಾಳೆ ಬರಲೇ ಇಲ್ಲವ್ವಾ."

"ಈಗ ಹೇಳ್ಬಿಡಿ ಅಂಕಲ್. ಮೂವತ್ತು ವರ್ಷ ಆಯ್ತು, ಏನಾಗತ್ತೆ? ನಕ್ಕು ಸುಮ್ನಾಗ್ತಾರೆ."

"ಹೋಗಿ ಬರ್ತೀನಿ ಅನ್ನದಿದ್ರ ಊಟ ಬಿಡಾಕಿ ಆಕಿ. ಹೋದಾಂವ ಬರಲಿಲ್ಲ ಅನ್ನೋ ಹಾಡು ಹಾಡಿ ಮಗಳನ್ನ ಬೆಳೆಸೇನಿ ಅಂತ ಗೊತ್ತಾದ್ರ ನಗ್ತಾಳೇನು? ಬ್ಯಾಡ. ಆಕಿಗೆ ಗೊತ್ತಾಗಬಾರದು."

ಇದು ಗೊತ್ತಾಗುವ ಕಾಲ ಬಂದೇಬಿಟ್ಟಿತು. ಎರಡು ವರ್ಷದ ಮೇಲೆ ಬ್ಯಾಂಡ್ ಲಾಸ್ ಏಂಜಲೀಸಿಗೆ ಬಂತು. ಪಸಡೀನಾದಲ್ಲಿ ಸಂಶೋಧನೆ ಮಾಡುತ್ತಿದ್ದ ಅನಘಾ ನಾಲ್ಕು ಟಿಕೆಟ್ ತಂದಳು. ಅಪ್ಪನಿಗೆ, ಅಮ್ಮನಿಗೆ, ತನಗೆ, ನನಗೆ. "ಅಮ್ಮಾ, ಯು ಹ್ಯಾವ್ ಟು ಹಿಯರ್ ಯುವರ್ ಲಲಬೈ ಲೈವ್!" ಅಂದಳಂತೆ. ಅವಳಿಗೂ ಅರ್ಥ ಗೊತ್ತಿರಲಿಲ್ಲ. ಅಮ್ಮ ಹಾಡಿದ ಜೋಗುಳದ ಅರ್ಥವನ್ನು ಯಾರೂ ಇಂಟರ್‌ನೆಟ್ಟಿನಲ್ಲಿ ಹುಡುಕುವುದಿಲ್ಲ.

ಮರುದಿನ ಅಂಕಲ್ ಫೋನ್ ಮಾಡಿದರು. ಈ ಸಲದ ಪ್ರವಾಸದಲ್ಲಿ ಆ ಹಾಡಿಗೆ ಮಾತ್ರ ದೊಡ್ಡ ಪರದೆಯ ಮೇಲೆ ಇಂಗ್ಲಿಷ್ ಅನುವಾದ ತೋರಿಸುತ್ತಾರಂತೆ. ಎಲ್ಲರಿಗೂ ಸರಿಯಾದ ಅರ್ಥ ಗೊತ್ತಾಗಲಿ ಎಂದು! ಇವರು ಮೂವತ್ತು ವರ್ಷ ಬಯಸಿದ್ದೂ ಅದೇ ಅಲ್ಲವೇ?

"ಟಿಕೆಟ್ ಬೇಡ ಅಂದ್ಬಿಡಿ," ಎಂದೆ.

"ಮಗಳು ಪ್ರೀತಿಯಿಂದ ತಂದಾಳ. ಏನಂತ ಬ್ಯಾಡ ಅನ್ಲಿ? ನಾ ವಿಚಾರ ಮಾಡೇನಿ. ಅದು ಒಂಬತ್ತನೇ ಹಾಡು. ಎಂಟನೇದು ಮುಗಿಯೂದ್ರಾಗ ಆಕಿನ್ನ ಎಬ್ಬಿಸಿಕೊಂಡು ಹೊರಗ ಹೋಗ್ತೀನಿ."

"ನೀವು ಆ ಹಾಡನ್ನ ಒಂದ್ಸಲಾನೂ ಸ್ಟೇಜ್ ಮೇಲೆ ಕೇಳಿಲ್ಲ ಅಂಕಲ್. ನೀವು ಕೂತಿರಿ, ನಾನು ಆಂಟೀನ ಕರ್ಕೊಂಡು ಹೋಗ್ತೀನಿ."

"ನೀ ಕರೆದ್ರ ಆಕಿ ಏಳಂಗಿಲ್ಲ. ನನಗ ಏನರ ಆಗೇದ ಅಂದ್ರ ಏಳ್ತಾಳ."

ಸ್ಟೇಡಿಯಂ ತುಂಬಾ ಕಪ್ಪು ಬಟ್ಟೆಯವರು. ಅವರ ನಡುವೆ ಇಳಕಲ್ ಸೀರೆಯುಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಸುಧಾ ಆಂಟಿ. ಇನ್ನೂ ಬಿಸಿಲಿತ್ತು. ಬೆಂಕಿ ಏಳುವಾಗೆಲ್ಲ ಆಂಟಿ "ಅಯ್ಯ ನಮ್ಮಪ್ಪಾ" ಎನ್ನುವರು. ಅಂಕಲ್ ಒಂದೊಂದು ಹಾಡಿಗೂ ಬೆರಳು ಮಡಿಸುತ್ತಾ ಕೂತಿದ್ದರು. ಎಂಟನೆಯದು ಮುಗಿಯಿತು. ಅಂಕಲ್ ಎದೆ ಹಿಡಿದುಕೊಂಡರು, ಬಲಗಡೆಯ ಎದೆ. ಆಮೇಲೆ ನೆನಪಾಗಿ ಎಡಕ್ಕೆ ಬದಲಿಸಿದರು. "ಸುಧಾ, ಯಾಕೋ ತಲಿ ತಿರಗ್ಲಿಕತ್ತದ" ಎಂದರು. ಎದೆ ಹಿಡಿದುಕೊಂಡು ತಲೆ ತಿರುಗುವ ರೋಗ ಯಾವುದೋ! ಇಂಥ ಕೆಟ್ಟ ನಟನೆಯನ್ನು ನಾನು ನಮ್ಮ ಸ್ಕೂಲ್ ಡೇ ನಾಟಕದಲ್ಲೂ ನೋಡಿರಲಿಲ್ಲ. ಆಂಟಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎದ್ದರು, ಗಂಡನ ಮೊಣಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅನಘಾ ಗಾಬರಿಯಿಂದ ಏಳಲು ಹೋದಾಗ ನಾನು ಅವಳ ಕೈ ಹಿಡಿದು ಕೂರಿಸಿದೆ. ಅಷ್ಟರಲ್ಲಿ ಆ ರಾಗ ಶುರುವಾಯಿತು, ಪರದೆಯ ಮೇಲೆ ಸಾಲುಗಳು ಬಂದವು.

ಅನಘಾ ಓದಿದಳು. ಮೊದಲು ನಕ್ಕಳು, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಶಿ ಸ್ಯಾಂಗ್ ದಿಸ್ ಟು ಮಿ?"

"ಅಮ್ಮನಿಗೆ ಗೊತ್ತಿಲ್ಲ. ಗೊತ್ತಾಗ್ಬಾರ್ದು ಅಂತಾನೇ ಅಪ್ಪ ಎದ್ದು ಹೋಗಿದ್ದು. ಅವರಿಗೇನೂ ಆಗಿಲ್ಲ," ಎಂದೆ.

"ಅಪ್ಪ ಸುಳ್ಳು ಹೇಳಿದ್ರಾ?" ಎಂದಳು. 'ಹೋಗಿ ಬರ್ತೀನಿ' ಬಿಟ್ಟರೆ ಅವಳ ಬಾಯಲ್ಲಿ ಒಂದು ಇಡೀ ವಾಕ್ಯ ಕನ್ನಡದಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಾಡು ಮುಗಿದ ಮೇಲೆ ಅವರಿಬ್ಬರೂ ಬಂದರು. ಅಂಕಲ್ ಕೈಯಲ್ಲಿ ನಿಂಬೆ ಪಾನಕದ ದೊಡ್ಡ ಲೋಟ. ವಾಪಸು ಹೋಗುವಾಗ ಪಾರ್ಕಿಂಗ್‌ನಲ್ಲಿ ನನ್ನ ಪಕ್ಕಕ್ಕೆ ಬಂದು, "ಛಲೋ ಹಾಡಿದ್ರೇನವಾ?" ಎಂದು ಕೇಳಿದರು. ತುಂಬಾ ಚೆನ್ನಾಗಿತ್ತು ಎಂದೆ. "ಆತು ಬಿಡು" ಎಂದರು.

ಮರುವರ್ಷ ಸುಧಾ ಆಂಟಿಗೆ ಕಾಯಿಲೆ ಬಂತು, ಗುಣವಾಗುವಂಥದ್ದಲ್ಲ. ರಜೆ ಸಿಕ್ಕಾಗೆಲ್ಲ ಸ್ಯಾನ್ ಡಿಯಾಗೊದಿಂದ ಡ್ರೈವ್ ಮಾಡಿಕೊಂಡು ಹೋಗಿ ನೋಡಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಅಂಕಲ್ ಔಷಧ ತರಲು ಹೋಗಿದ್ದರು. ಆಂಟಿ ದಿಂಬಿಗೆ ಒರಗಿ ಕೂತಿದ್ದರು. ತಾವಾಗಿಯೇ ಮಾತು ತೆಗೆದರು.

"ಆವತ್ತು ಸ್ಟೇಡಿಯಂನಾಗ ಅವರು ಎದಿ ಹಿಡಕೊಂಡರಲ್ಲಾ. ನನಗ ನಗು ತಡಕೊಳ್ಳೋದ ಕಷ್ಟ ಆತು."

ನಾನು ಏನೂ ತಿಳಿಯದವಳಂತೆ ಅವರ ಮುಖ ನೋಡಿದೆ.

"ನನಗ ಗೊತ್ತದವಾ, ಆ ಹಾಡಿನ ಅರ್ಥ. ಅವರು ಡ್ಯೂಟಿಗೆ ಹೋದಾಗ ಮನಿ ಯಜಮಾನಿ ನನ್ನ ಗಣಿ ಹತ್ತರ ಕರಕೊಂಡು ಹೋಗಿದ್ಲು. ಅಲ್ಲೊಂದು ಕಲ್ಲು. ಸತ್ತವರ ಹೆಸರು ಅದರ ಮ್ಯಾಲ. ಒಂದು ಹೆಸರಿನ ಮ್ಯಾಲ ಬೆರಳಿಟ್ಟು, ಇದು ನನ್ನ ಗಂಡ ಅಂದ್ಲು. ಆ ಗಂಡ ಹೋದಾಗ ಆಕಿ ಬಸುರಿ. ಹಡೆದ ಮ್ಯಾಲ ಮಗನ್ನ ಮಲಗಿಸ್ಲಿಕ್ಕೆ ತಾನೇ ಒಂದು ರಾಗ ಮಾಡಿ ಗುನಗ್ತಿದ್ದಳಂತ. ಆ ಮಗ ದೊಡ್ಡಾಂವ ಆಗಿ ಅದೇ ರಾಗಕ್ಕ ಅಪ್ಪನ ಸಾವಿನ ಮಾತು ಬರದು ಹಾಡು ಮಾಡಿದ. ಹಾಡು ಹಿಂದಾಗಡೆ ಬಂತು. ಜೋಗುಳ ಮೊದಲ ಇತ್ತು. ನನಗ ಕಲಿಸಿದಾಕಿನೂ ಆಕಿನ."

ಜೋಗುಳ ಎಂದು ನಂಬಿದ ಅರ್ಧ ಜಗತ್ತು ತಪ್ಪಿರಲಿಲ್ಲ. ಪುರಾವೆ ಇದ್ದದ್ದು ಒಂದೇ, ಆಂಟಿ.

"ಮತ್ತೆ ಅಂಕಲ್‌ಗೆ ಯಾಕೆ ಹೇಳಲಿಲ್ಲ ಆಂಟಿ?"

"ಹೇಳಬೇಕಂತಲೇ ಇದ್ದೆ. ಆವತ್ತು ಬಾಗಿಲದಾಗ ನಿಂತು ಬಾಯಿ ತೆಗದರು, ನನ್ನ ಮುಖ ನೋಡಿ ಮುಚ್ಚಿದರು. ಆಗಿನ್ನೂ ಮದವ್ಯಾಗಿ ಒಂದೂವರಿ ವರ್ಷ. ಅಷ್ಟರಾಗ ನನ್ನ ಸಾರು, ನನ್ನ ರಂಗೋಲಿ, ನನ್ನ ಅಕ್ಷರ, ಎಲ್ಲಾ ತಿದ್ದಿದ್ದರು. ಇದೊಂದು ಬಿಟ್ಟರು. ಇವರು ನನ್ನ ಸಲುವಾಗಿ ಬಾಯಿ ಮುಚ್ಚಿಕೋತಾರ ಅಂತ ನನಗ ಆವತ್ತ ಗೊತ್ತಾತು. ಹೆಂಡತಿಗೆ ಇನ್ನೇನು ಬೇಕು? ಇದನ್ನ ಅವರ ಮುಂದ ಅನಬ್ಯಾಡ. ನಾ ಹೋದ ಮ್ಯಾಲೂ ಅನಬ್ಯಾಡ. ಆಣಿ ಮಾಡು."

ಅವರ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಹೊರಗೆ ಗ್ಯಾರೇಜಿನ ಬಾಗಿಲ ಸದ್ದಾಯಿತು. ಅಂಕಲ್ ಒಳಗೆ ಬಂದು, ಔಷಧದ ಅಂಗಡಿಯವನು ಹೆಸರು ತಪ್ಪು ಬರೆದಿದ್ದಾನೆಂದು ಬೈಯತೊಡಗಿದರು. ಆಂಟಿ "ಹೌದ್ರಿ, ತಪ್ಪು" ಎಂದರು. ಎರಡು ತಿಂಗಳಲ್ಲಿ ಆಂಟಿ ತೀರಿಕೊಂಡರು.

ಅಂಕಲ್ ಆಮೇಲೆ ವೆಬ್‌ಸೈಟಿನ ವಿಷಯ ಎತ್ತಲಿಲ್ಲ. ಬ್ರೆಜಿಲ್‌ನವರು ಬರೆದರೆ ನಾನೇ ಎರಡು ಸಾಲು ಉತ್ತರ ಹಾಕುತ್ತಿದ್ದೆ. ಐದಾರು ತಿಂಗಳ ಮೇಲೆ ರೆಡೊಂಡೊ ಬೀಚಿನ ಅವರ ಮನೆಗೆ ಹೋದೆ. ಬಿಳಿ ಅಂಗಿ ಹಾಕಿಕೊಂಡಿದ್ದರು, ಸೊರಗಿದ್ದರು. ಅವರೇ ಚಹಾ ಮಾಡಿದರು, ಸಕ್ಕರೆ ಹೆಚ್ಚಾಗಿತ್ತು. ಇಬ್ಬರೂ ಅದನ್ನೇ ಕುಡಿದೆವು.

"ಮಂದಿ ನನಗ ತಿದ್ದೋ ಹುಚ್ಚ ಅಂತಾರ," ಎಂದರು. "ಖರೇ ಅದ. ಆಕಿಗೂ ಭಾಳ ಕಾಡೇನಿ. ಈಗ ಒಬ್ಬನ ಕೂತಾಗ ಅದ ನೆನಪಾಗ್ತದ. ಒಂದ ಸಮಾಧಾನ ಅಂದ್ರ, ಆ ಹಾಡಿಂದು ಆಕಿಗೆ ಕೊನೀತನಕ ಗೊತ್ತಾಗಲಿಲ್ಲ." ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಹೌದಿಲ್ಲೋ? ನಿನ್ನ ಮುಂದ ಏನರ ಅಂದಿದ್ಲೇನು?"

ನಾಲ್ಕು ವರ್ಷ ಅವರ ಕೈಕೆಳಗೆ ಪಳಗಿದವಳು ನಾನು. ತಪ್ಪು ಕಂಡರೆ ನಾಲಿಗೆ ತಾನಾಗಿಯೇ ಏಳುತ್ತದೆ. ಹೇಳಿಬಿಡಬಹುದಿತ್ತು. ಹೇಳಿದರೆ, ತಮ್ಮ ಮೌನ ಹೆಂಡತಿಗೆ ಮೊದಲ ದಿನವೇ ತಿಳಿದಿತ್ತು, ಅದನ್ನು ಅವಳು ಮೂವತ್ತು ವರ್ಷ ಒಡವೆಯ ಹಾಗೆ ಜೋಪಾನ ಮಾಡಿದ್ದಳು ಎಂದು ಅವರಿಗೆ ಗೊತ್ತಾಗುತ್ತಿತ್ತು. ಆಗ ಅವರ ಎದೆ ಹಗುರಾಗುತ್ತಿತ್ತೋ, ಇದ್ದ ಒಂದು ಸಮಾಧಾನವೂ ಹೋಗುತ್ತಿತ್ತೋ! ಆಂಟಿಯ ಕೈ ನೆನಪಾಯಿತು.

"ಇಲ್ಲ ಅಂಕಲ್," ಎಂದೆ. "ಅವರಿಗೆ ಗೊತ್ತಿರ್ಲಿಲ್ಲ."

"ಹಂಗಾದ್ರ ಒಂದರ ಸರಿ ಮಾಡಿದೆ," ಎಂದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಅದೇ ಕೊನೆಯ ಭೇಟಿ. ಚಳಿಗಾಲದಲ್ಲಿ ಅನಘಾ ಫೋನ್ ಮಾಡಿ ಅಪ್ಪ ಹೋದರು ಎಂದಳು. ಅವತ್ತು ನಾನು ಹೇಳಿದ ಮಾತು ಸರಿಯೋ ತಪ್ಪೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದನ್ನು ಮುಖದ ಮೇಲೆ ಹೊಡೆದ ಹಾಗೆ ಹೇಳಬಲ್ಲವರು ಅವರೊಬ್ಬರೇ ಇದ್ದರು.